ವೃದ್ಧಾಪ್ಯದ ಆಹಾರ (ಮಂಡ್ಯ ಜಿಲ್ಲೆ)

ವೃದ್ಧಾಪ್ಯದ ಆಹಾರ ಎಂಬುದು ಅರವತ್ತು ವರ್ಷ ದಾಟಿದವರ ದೇಹಸ್ಥಿತಿಗೆ ಹೊಂದುವ ಊಟೋಪಚಾರದ ಕ್ರಮ. 1999ರ ರಾಷ್ಟ್ರೀಯ ನೀತಿಯು ಅರವತ್ತು ವರ್ಷ ತುಂಬಿದವರನ್ನು ಹಿರಿಯ ನಾಗರಿಕರೆಂದು ಗುರುತಿಸುತ್ತದೆ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಈ ವಯಸ್ಸಿನವರ ಊಟವು ರಾಗಿ ಮುದ್ದೆ, ಕಾಳು, ಸೊಪ್ಪು ಮತ್ತು ಮಜ್ಜಿಗೆಯನ್ನು ಆಧರಿಸಿ ಬೆಳೆದುಬಂದುದು. ರಾಗಿಯ ಗುಣಗಾನ ಇಂದು ಎಲ್ಲೆಡೆ ಕೇಳಿಬರುತ್ತದೆ. ಆದರೆ ಆಹಾರ ವಿಜ್ಞಾನದ ದೃಷ್ಟಿಯಿಂದ ನೋಡಿದರೆ, ಈ ಭಾಗದ ವೃದ್ಧರ ಊಟದಲ್ಲಿ ಸೊರಗಿರುವುದು ಧಾನ್ಯಕ್ಕಿಂತ ಹೆಚ್ಚಾಗಿ ಧಾನ್ಯದ ಜೊತೆಗೆ ತಟ್ಟೆಗೆ ಬರುತ್ತಿದ್ದ ಕಾಳು, ಸೊಪ್ಪು ಮತ್ತು ಹೈನು.

ಪ್ರದೇಶ ಮತ್ತು ಬೆಳೆ

ನಾಲ್ಕೂ ತಾಲ್ಲೂಕುಗಳು ಒಂದೇ ಜಿಲ್ಲೆಯಲ್ಲಿದ್ದರೂ ನೀರಿನ ವಿಷಯದಲ್ಲಿ ಒಂದೇ ತೆರನಾದವುಗಳಲ್ಲ. ಶ್ರೀರಂಗಪಟ್ಟಣದ ಸುತ್ತ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಹಳೆಯ ಕಟ್ಟೆಗಳೂ ಬಂಗಾರದೊಡ್ಡಿ, ಚಿಕ್ಕದೇವರಾಜಸಾಗರ, ವಿರಿಜಾ ಮೊದಲಾದ ನಾಲೆಗಳೂ ಇದ್ದು, ಅಲ್ಲಿ ಭತ್ತದ ಬೇಸಾಯ ಬಹು ಹಿಂದಿನಿಂದಲೂ ನಡೆದಿದೆ. 1911ರಲ್ಲಿ ಕನ್ನಂಬಾಡಿಯಲ್ಲಿ ಕೃಷ್ಣರಾಜಸಾಗರದ ಕಾಮಗಾರಿ ಆರಂಭವಾಗಿ, 1930ರ ದಶಕದಲ್ಲಿ ಇರ್ವಿನ್ ನಾಲೆಯಲ್ಲಿ (ಇಂದಿನ ವಿಶ್ವೇಶ್ವರಯ್ಯ ನಾಲೆ) ನೀರು ಹರಿದ ಮೇಲೆ ಪಾಂಡವಪುರದ ಬಹುಭಾಗವೂ ಭತ್ತ ಮತ್ತು ಕಬ್ಬಿನ ನೆಲವಾಯಿತು. ಮೇಲುಕೋಟೆಯ ಕಡೆಯ ಎತ್ತರದ ಭೂಮಿ ಮಾತ್ರ ಮಳೆಯನ್ನೇ ನಂಬಿ ಉಳಿಯಿತು. ಕೃಷ್ಣರಾಜಪೇಟೆಗೆ ಹೇಮಾವತಿಯ ನೀರು ಕೆಲವು ಭಾಗಗಳಲ್ಲಿ ದೊರೆತಿದೆ. ನಾಗಮಂಗಲವು ಇಂದಿಗೂ ಮುಖ್ಯವಾಗಿ ಮಳೆಯಾಶ್ರಿತ ತಾಲ್ಲೂಕು. ರಾಗಿ, ಹುರುಳಿ, ತೆಂಗು ಅಲ್ಲಿನ ಬೆಳೆಗಳು.

ಮಳೆಯಾಶ್ರಿತ ಹೊಲದಲ್ಲಿ ರಾಗಿಯನ್ನು ಒಂಟಿಯಾಗಿ ಬಿತ್ತುವ ವಾಡಿಕೆ ಇರಲಿಲ್ಲ. ರಾಗಿಯ ಸಾಲುಗಳ ನಡುವೆ ಅಕ್ಕಡಿ ಸಾಲು ಹಾಕಿ ಅವರೆ, ಅಲಸಂದೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಜೋಳ ಬೆಳೆಯುತ್ತಿದ್ದರು. ಹೊಲದಲ್ಲಿ ಕಳೆಯಾಗಿ ಏಳುವ ಅಣ್ಣೆ, ಗಣಿಕೆ, ಕಿರಕಸಾಲೆ ಮುಂತಾದ ಸೊಪ್ಪುಗಳೂ ಅಡುಗೆಮನೆಗೆ ಬರುತ್ತಿದ್ದವು. ಹೀಗೆ ಒಂದೇ ಹೊಲದಿಂದ ಮುದ್ದೆಗೆ ಹಿಟ್ಟು, ಸಾರಿಗೆ ಕಾಳು, ಒಗ್ಗರಣೆಗೆ ಸಾಸಿವೆ, ಚಟ್ನಿಗೆ ಹುಚ್ಚೆಳ್ಳು ಎಲ್ಲವೂ ಒದಗುತ್ತಿದ್ದವು. ನಾಲೆಯ ನೀರು ಬಂದ ಕಡೆ ಅಕ್ಕಡಿ ಸಾಲು ಅಳಿಯಿತು. ನೀರು ನಿಂತ ಗದ್ದೆಯಲ್ಲಿ ಕಾಳಿಗೂ ಬೆರಕೆ ಸೊಪ್ಪಿಗೂ ಎಡೆಯಿಲ್ಲ. ಸಂಸಾರದ ವರಮಾನ ಹೆಚ್ಚಿತು, ಬರಗಾಲದ ಭಯ ತಗ್ಗಿತು. ಇವು ಸಣ್ಣ ಲಾಭಗಳಲ್ಲ. ಆದರೆ ಹೊಲದಿಂದ ದುಡ್ಡಿಲ್ಲದೆ ದೊರೆಯುತ್ತಿದ್ದ ಕಾಳನ್ನು ಅಂಗಡಿಯಿಂದ ಕೊಳ್ಳಬೇಕಾಗಿ ಬಂತು. ಕೊಳ್ಳುವ ಮನೆಯಲ್ಲಿ ಕೈ ಬಿಗಿಯಾದಾಗ ಮೊದಲು ತೆಳುವಾಗುವುದು ಸಾರು.

ಭತ್ತ ಮತ್ತು ರಾಗಿಯ ಈ ಪೈಪೋಟಿ ಕನ್ನಡಕ್ಕೆ ಹೊಸದಲ್ಲ. ಕನಕದಾಸರ 'ರಾಮಧಾನ್ಯ ಚರಿತೆ'ಯ ವಸ್ತುವೇ ಇವೆರಡು ಧಾನ್ಯಗಳ ನಡುವಿನ ವಾದ.

ರಾಗಿ

ರಾಗಿಯ ಮೂಲ ಪೂರ್ವ ಆಫ್ರಿಕದ ಎತ್ತರದ ಪ್ರದೇಶ. ಭಾರತಕ್ಕೆ ಅದು ಸಾವಿರಾರು ವರ್ಷಗಳ ಹಿಂದೆಯೇ ಬಂದಿದೆ. ಬೇಗ ಹುಳು ಹಿಡಿಯದ ಧಾನ್ಯವಾದುದರಿಂದ ಹಗೇವುಗಳಲ್ಲಿ ವರ್ಷಗಟ್ಟಲೆ ಇಡಬಹುದಾಗಿತ್ತು. ಮಂಡ್ಯದ ವಿಶ್ವೇಶ್ವರಯ್ಯ ನಾಲಾ ಫಾರಂ (ವಿ.ಸಿ. ಫಾರಂ) ರಾಗಿ ಸಂಶೋಧನೆಯ ಹೆಸರಾಂತ ಕೇಂದ್ರ. 'ರಾಗಿ ಲಕ್ಷ್ಮಣಯ್ಯ' ಎಂದೇ ಪ್ರಸಿದ್ಧರಾದ ತಳಿ ವಿಜ್ಞಾನಿ ಸಿ. ಎಚ್. ಲಕ್ಷ್ಮಣಯ್ಯನವರು ಇಲ್ಲಿ ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಿಸಿ 'ಇಂಡಾಫ್' ಎಂಬ ತಳಿಗಳನ್ನು ಬಿಡುಗಡೆ ಮಾಡಿದರು. ಆ ಹೆಸರು ಇಂಡಿಯಾ ಮತ್ತು ಆಫ್ರಿಕ ಎಂಬ ಎರಡು ಪದಗಳ ಕೂಡಿಕೆ. ರಾಗಿಯ ಹೂವು ಬಹಳ ಸಣ್ಣದು ಮತ್ತು ತನ್ನಲ್ಲೇ ಪರಾಗಸ್ಪರ್ಶ ಹೊಂದುವಂಥದು. ಆದ್ದರಿಂದ ಅದನ್ನು ಸಂಕರಿಸುವುದು ಅತಿ ತಾಳ್ಮೆಯ ಕೆಲಸ. ಲಕ್ಷ್ಮಣಯ್ಯನವರು ಪೋಷಣಾ ವಿಜ್ಞಾನಿಯಲ್ಲ. ಆದರೂ ಮಂಡ್ಯ ಸೀಮೆಯ ವೃದ್ಧರ ತಟ್ಟೆಯಲ್ಲಿ ರಾಗಿ ಉಳಿದುಕೊಂಡದ್ದರಲ್ಲಿ ಅವರ ತಳಿಗಳ ಪಾಲು ದೊಡ್ಡದು. ಇಳುವರಿ ಬಾರದ ಬೆಳೆಯನ್ನು ಯಾವ ರೈತನೂ ಬಹುಕಾಲ ಬೆಳೆಯಲಾರ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನಾ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ, 7 ಗ್ರಾಂ ಪ್ರೋಟೀನು ಮತ್ತು 11 ಗ್ರಾಂ ನಾರಿನಂಶವಿದೆ. ಅದೇ ತೂಕದ ಬಿಳಿ ಅಕ್ಕಿಯಲ್ಲಿ ಕ್ಯಾಲ್ಸಿಯಂ 10 ಮಿಲಿಗ್ರಾಂ ಕೂಡ ಇಲ್ಲ; ಪ್ರೋಟೀನು ಮಾತ್ರ ಹೆಚ್ಚುಕಡಿಮೆ ರಾಗಿಯಷ್ಟೇ. ಮೂಳೆ ಸವೆಯುವ ವಯಸ್ಸಿನಲ್ಲಿ ಈ ಕ್ಯಾಲ್ಸಿಯಂ ಬೆಲೆಯುಳ್ಳದ್ದು. ಮಲಬದ್ಧತೆಯಿಂದ ನರಳುವವರಿಗೆ ನಾರಿನಂಶವೂ ಹಾಗೆಯೇ. ಆದರೆ ರಾಗಿಯ ಹೊಟ್ಟಿನಲ್ಲಿರುವ ಫೈಟೇಟ್ ಮತ್ತು ಟ್ಯಾನಿನ್ ಎಂಬ ಪದಾರ್ಥಗಳು ಕ್ಯಾಲ್ಸಿಯಂ ಹಾಗೂ ಕಬ್ಬಿಣದ ಒಂದು ಭಾಗವನ್ನು ದೇಹಕ್ಕೆ ಸೇರದಂತೆ ಹಿಡಿದಿಡುತ್ತವೆ. ನೆನೆಸಿ ಮೊಳಕೆ ಬರಿಸಿದರೆ ಫೈಟೇಟಿನ ಪ್ರಮಾಣ ತಗ್ಗುತ್ತದೆ. ಮೊಳಕೆ ರಾಗಿಯನ್ನು ಒಣಗಿಸಿ, ಹದವಾಗಿ ಹುರಿದು ಮಾಡಿದ ಹಿಟ್ಟಿನ ಗಂಜಿ ವೃದ್ಧರಿಗೂ ಕಾಯಿಲೆಯಿಂದ ಏಳುತ್ತಿರುವವರಿಗೂ ಒಗ್ಗುವುದಕ್ಕೆ ಇದೂ ಒಂದು ಕಾರಣ.

ಮುದ್ದೆಯನ್ನು ಈ ಭಾಗದಲ್ಲಿ 'ಹಿಟ್ಟು' ಎಂದೇ ಕರೆಯುತ್ತಾರೆ. ಎಸರು ಕುದಿಯುವಾಗ ಹಿಟ್ಟು ಸುರಿದು, ಬೆಂದ ಮೇಲೆ ಕೋಲಿನಿಂದ ಗಂಟಿಲ್ಲದಂತೆ ತೊಳಸಿ ಉಂಡೆ ಕಟ್ಟುವರು. ಅದನ್ನು ಅಗಿಯದೆ, ಸಾರಿನಲ್ಲಿ ಅದ್ದಿ ನುಂಗುವುದು ಪದ್ಧತಿ. ಹಲ್ಲು ಬಿದ್ದವರಿಗೆ ಇದಕ್ಕಿಂತ ಅನುಕೂಲವಾದ ಊಟ ಅಪರೂಪ. ಹಲ್ಲಿಲ್ಲದ ಕಾರಣಕ್ಕೆ ರೊಟ್ಟಿ, ಹಣ್ಣು, ಮಾಂಸಗಳನ್ನು ಬಿಟ್ಟವರೂ ಮುದ್ದೆಯನ್ನು ಬಿಡುವುದಿಲ್ಲ. ಪಾರ್ಶ್ವವಾಯು ಬಡಿದು ನುಂಗುವ ಶಕ್ತಿ ಕುಂದಿದವರ ವಿಷಯ ಬೇರೆ. ಅಂಥವರಿಗೆ ಮುದ್ದೆ ಗಂಟಲಲ್ಲಿ ಸಿಕ್ಕಬಹುದು, ತೆಳು ಅಂಬಲಿಯೂ ಶ್ವಾಸನಾಳಕ್ಕೆ ಇಳಿಯಬಹುದು. ಆಹಾರ ಎಷ್ಟು ಗಟ್ಟಿಯಾಗಿರಬೇಕೆಂಬುದನ್ನು ವೈದ್ಯರೇ ನೋಡಿ ಹೇಳಬೇಕಾಗುತ್ತದೆ.

ಮುದ್ದೆಯ ಜೊತೆಗಿನ ಆಹಾರ

ವೃದ್ಧರಿಗೆ ಪ್ರೋಟೀನು ಕಡಿಮೆ ಸಾಕೆಂಬ ಭಾವನೆ ವ್ಯಾಪಕವಾಗಿದೆ. ವಾಸ್ತವ ಇದಕ್ಕೆ ವಿರುದ್ಧ. ವಯಸ್ಸಾದಂತೆ ಸ್ನಾಯುಗಳು ಕ್ಷೀಣಿಸುತ್ತವೆ, ತಿಂದ ಪ್ರೋಟೀನನ್ನು ಸ್ನಾಯುವಾಗಿಸುವ ಶಕ್ತಿಯೂ ಇಳಿಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕರಿಗೆ ಶಿಫಾರಸು ಮಾಡಿದ ಪ್ರಮಾಣ ದೇಹತೂಕದ ಪ್ರತಿ ಕಿಲೋಗ್ರಾಂಗೆ 0.83 ಗ್ರಾಂ. ವೃದ್ಧರಿಗೆ 1ರಿಂದ 1.2 ಗ್ರಾಂ ಬೇಕೆಂದು 2013ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಅಭಿಪ್ರಾಯಪಟ್ಟಿತು.

50 ಕಿಲೋಗ್ರಾಂ ತೂಕದ ಒಬ್ಬ ವೃದ್ಧೆಯ ಊಟವನ್ನು ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ. ಎರಡು ಹೊತ್ತಿಗೆ ಒಟ್ಟು 200 ಗ್ರಾಂ ಹಿಟ್ಟಿನ ಮುದ್ದೆ ಉಂಡರೆ 14 ಗ್ರಾಂ ಪ್ರೋಟೀನು ದೊರೆಯುತ್ತದೆ. ಅದರ ಮೇಲೆ 100 ಗ್ರಾಂ ಅಕ್ಕಿಯ ಅನ್ನದಿಂದ ಸುಮಾರು 8 ಗ್ರಾಂ. ಅಲ್ಲಿಗೆ 22 ಗ್ರಾಂ ಆಯಿತು. ಬೇಕಾದದ್ದು ಸುಮಾರು 40ರಿಂದ 60 ಗ್ರಾಂ. ಒಂದು ಹಿಡಿ ಹುರುಳಿ, ಎಂದರೆ 30 ಗ್ರಾಂ ಒಣಕಾಳು, 6 ಗ್ರಾಂಗೂ ಸ್ವಲ್ಪ ಹೆಚ್ಚು ಕೊಡುತ್ತದೆ. ಒಂದು ಲೋಟ ಹಾಲು ಅಥವಾ ಮೊಸರಿನಿಂದ 6 ಗ್ರಾಂ, ಒಂದು ಮೊಟ್ಟೆಯಿಂದ ಮತ್ತೆ 6 ಗ್ರಾಂ ಬರುತ್ತದೆ. ಈ ಮೂರೂ ಕೂಡಿದಾಗ ಊಟವು ಅಗತ್ಯದ ಕೆಳಗಿನ ಮಿತಿಯನ್ನು ಮುಟ್ಟುತ್ತದೆ. ಮೂರೂ ಇಲ್ಲದಿದ್ದರೆ ಹೊಟ್ಟೆ ತುಂಬುತ್ತದೆ, ತೊಡೆ ತೋಳುಗಳು ಮಾತ್ರ ಸೊರಗುತ್ತ ಹೋಗುತ್ತವೆ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದ ಮುದುಕಿಯ ಕಥೆ ಪ್ರತಿ ಊರಿನಲ್ಲೂ ಇರುತ್ತದೆ. ಅಲ್ಲಿ ಮೂಳೆಯ ಸವೆತದಷ್ಟೇ ತೊಡೆಯ ಸ್ನಾಯುವಿನ ದೌರ್ಬಲ್ಯವೂ ಕಾರಣವಾಗಿರುತ್ತದೆ.

ಕಾಳಿನ ಪ್ರೋಟೀನಿಗೆ ಇನ್ನೊಂದು ಗುಣವಿದೆ. ಧಾನ್ಯಗಳಲ್ಲಿ ಕೊರತೆಯಾಗಿರುವ ಲೈಸಿನ್ ಎಂಬ ಅಮೈನೋ ಆಮ್ಲ ಕಾಳುಗಳಲ್ಲಿ ಧಾರಾಳವಾಗಿದೆ. ಮುದ್ದೆಗೆ ಹುರುಳಿ ಸಾರು, ಅವರೆಕಾಳಿನ ಸಾರು, ಅಲಸಂದೆಯ ಉಪ್ಸಾರು ಎಂಬ ಜೋಡಣೆ ರುಚಿಗೆ ಹೊಂದಿದಂತೆ ದೇಹಕ್ಕೂ ಹೊಂದುತ್ತದೆ. ಬಸ್ಸಾರಿನಲ್ಲಿ ಕಾಳು ಮತ್ತು ಸೊಪ್ಪನ್ನು ಬೇಯಿಸಿ ಬಸಿದ ನೀರೇ ಸಾರಾಗುವುದರಿಂದ ನೀರಿನಲ್ಲಿ ಕರಗುವ ಜೀವಸತ್ವಗಳು ಚರಂಡಿಗೆ ಹೋಗುವುದಿಲ್ಲ. ಆದರೆ ಪ್ರೋಟೀನಿನ ಬಹುಪಾಲು ಬಸಿದ ಕಾಳಿನಲ್ಲೇ, ಅಂದರೆ ಪಲ್ಯದಲ್ಲೇ ಉಳಿದಿರುತ್ತದೆ. ಹಲ್ಲಿಲ್ಲದ ಹಿರಿಯರಿಗೆ ಬರೀ ಸಾರು ಬಡಿಸಿ ಪಲ್ಯವನ್ನು ಮಕ್ಕಳಿಗೆ ಬಡಿಸುವ ರೂಢಿಯಿದ್ದ ಮನೆಯಲ್ಲಿ, ಒಂದೇ ಅಡುಗೆ ಉಂಡರೂ ಹಿರಿಯರಿಗೆ ಸಿಗುವ ಪೋಷಣೆ ಕಡಿಮೆ. ಮೆತ್ತಗೆ ಬೇಯಿಸಿದ ಕಾಳನ್ನು ಅರೆದು ಸಾರಿಗೆ ಬೆರೆಸಿದರೆ ಈ ತೊಡಕು ತಪ್ಪುತ್ತದೆ. ಮಸ್ಸೊಪ್ಪು ಹೀಗೆ ಮಸೆದು ಮಾಡಿದ ಅಡುಗೆಯೇ. ಸಿಪ್ಪೆ ತೆಗೆದ ಹಿತಕಿದ ಅವರೆಬೇಳೆಯೂ ಮೃದುವಾದದ್ದು, ಆದರೆ ಅದು ಚಳಿಗಾಲದ ಕೆಲವೇ ವಾರಗಳ ಭಾಗ್ಯ.

ನುಗ್ಗೆ ಸೊಪ್ಪಿನಲ್ಲಿ 100 ಗ್ರಾಂಗೆ 300 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಇದೆ. ದಂಟು, ಕೀರೆ, ಹೊನಗೊನೆ ಸೊಪ್ಪುಗಳು ಕಬ್ಬಿಣವನ್ನೂ ಎ ಜೀವಸತ್ವದ ಮೂಲವಾದ ಕೆರೋಟಿನನ್ನೂ ಒದಗಿಸುತ್ತವೆ. ಊಟದಲ್ಲಿ ನಿಂಬೆರಸ ಹಿಂಡಿಕೊಂಡರೆ ಕಬ್ಬಿಣ ಹೆಚ್ಚು ಹೀರಲ್ಪಡುತ್ತದೆ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಕಡಿಮೆಯಾಗುತ್ತದೆ.

ಬಿ-12 ಮತ್ತು ಡಿ ಜೀವಸತ್ವಗಳು

ರಾಗಿ, ಕಾಳು, ಸೊಪ್ಪು ಎಲ್ಲವನ್ನೂ ಸರಿಯಾಗಿ ಉಂಡರೂ ದೊರೆಯದ ಒಂದು ಪೋಷಕಾಂಶ ಬಿ-12. ಅದು ಹಾಲು, ಮೊಟ್ಟೆ, ಮೀನು, ಮಾಂಸಗಳಲ್ಲಿ ಮಾತ್ರ ಇರುತ್ತದೆ. ವಯಸ್ಸಾದವರ ಜಠರದಲ್ಲಿ ಆಮ್ಲ ಕಡಿಮೆಯಾಗುವುದರಿಂದ ತಿಂದ ಬಿ-12 ಕೂಡ ಪೂರ್ತಿ ಒದಗುವುದಿಲ್ಲ. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ ಕೊರತೆ ಮತ್ತೂ ಹೆಚ್ಚು. ಮಂಡ್ಯ ಭಾಗದಲ್ಲಿ ಮಾಂಸಾಹಾರಿ ಕುಟುಂಬಗಳೇ ಹೆಚ್ಚು. ಆದರೂ ಹಬ್ಬ, ಜಾತ್ರೆಯ ಬಾಡೂಟವು ದಿನನಿತ್ಯದ ಆಹಾರವಲ್ಲ. ವಯಸ್ಸಾದ ಮೇಲೆ ಮಾಂಸ ಬಿಡುವವರೂ ಇದ್ದಾರೆ. ಅಂಗಾಲು ಜೋಮು ಹಿಡಿಯುವುದು, ನಡೆಯುವಾಗ ತೂರಾಡುವುದು, ಮರೆವು, ಸುಸ್ತು ಇವು ಬಿ-12 ಕೊರತೆಯ ಲಕ್ಷಣಗಳು. ಮನೆಯವರು ಇವನ್ನು 'ವಯಸ್ಸಾಯ್ತಲ್ಲ' ಎಂದು ತಳ್ಳಿಹಾಕುವುದರಿಂದ ಸುಲಭವಾಗಿ ಗುಣಪಡಿಸಬಹುದಾದ ಕಾಯಿಲೆ ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ. ರಕ್ತಪರೀಕ್ಷೆಯಿಂದ ಇದನ್ನು ತಿಳಿಯಬಹುದು.

ಡಿ ಜೀವಸತ್ವವನ್ನು ಚರ್ಮವು ಬಿಸಿಲಿನಿಂದ ತಯಾರಿಸಿಕೊಳ್ಳುತ್ತದೆ. ವಯಸ್ಸಾದ ಚರ್ಮಕ್ಕೆ ಆ ಶಕ್ತಿ ಕಡಿಮೆ. ಹೊಲಕ್ಕೆ ಹೋಗುವುದನ್ನು ನಿಲ್ಲಿಸಿ ಒಳಗೇ ಕೂರುವ ಹಿರಿಯರಿಗೆ ರಾಗಿಯ ಕ್ಯಾಲ್ಸಿಯಂ ಪೂರ್ತಿ ದಕ್ಕದಿರಲು ಇದೂ ಕಾರಣ.

ಸಂಶೋಧನೆ

ಭಾರತದಲ್ಲಿ ಪೋಷಣಾ ಸಂಶೋಧನೆಯನ್ನು ರಾಬರ್ಟ್ ಮೆಕ್ಯಾರಿಸನ್ 1918ರಲ್ಲಿ ಕೂನೂರಿನಲ್ಲಿ ಆರಂಭಿಸಿದರು. ಆ ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಶ್ರೀರಂಗಪಟ್ಟಣದಿಂದ ಹದಿನೈದು ಕಿಲೋಮೀಟರುಗಳಷ್ಟೇ ದೂರವಿರುವ ಮೈಸೂರಿನಲ್ಲಿ, ಚೆಲುವಾಂಬಾ ಮಹಲಿನಲ್ಲಿ, 1950ರ ಅಕ್ಟೋಬರ್ 21ರಂದು ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ (ಸಿಎಫ್‌ಟಿಆರ್‌ಐ) ಉದ್ಘಾಟನೆಯಾಯಿತು. ವಿ. ಸುಬ್ರಹ್ಮಣ್ಯನ್ ಅದರ ಮೊದಲ ನಿರ್ದೇಶಕರು. ಕಡಲೆಕಾಯಿ ಹಿಂಡಿಯ ಹಿಟ್ಟಿಗೆ ಹುರಿದ ಕಡಲೆಹಿಟ್ಟನ್ನು ಸೇರಿಸಿ ಅಲ್ಲಿ ತಯಾರಿಸಿದ 'ವಿವಿಧೋದ್ದೇಶ ಆಹಾರ'ವು ಪ್ರೋಟೀನಿನ ಕೊರತೆಗೆ ಅಗ್ಗದ ಪರಿಹಾರವಾಗಿತ್ತು. ಆ ಕಾಲದ ಕೆಲಸದ ಗಮನ ಹೆಚ್ಚಾಗಿ ಮಕ್ಕಳು ಮತ್ತು ತಾಯಂದಿರ ಕಡೆಗಿತ್ತು. ಶಿಶುಮರಣ ಅಷ್ಟೊಂದು ಇದ್ದ ದೇಶದಲ್ಲಿ ಅದು ಸಹಜವೇ ಆಗಿತ್ತು. ಮುಪ್ಪಿನ ಪೋಷಣೆ ವಿಜ್ಞಾನಿಗಳ ಗಮನಕ್ಕೆ ಬಂದದ್ದು ತಡವಾಗಿ.

ಹಾಗೆ ಗಮನಕ್ಕೆ ಬಂದ ದಾರಿಗಳಲ್ಲೊಂದು ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ (ಮಿಷನ್ ಆಸ್ಪತ್ರೆ) ಹಳೆಯ ದಾಖಲೆ ಪುಸ್ತಕಗಳು. 1934ರಿಂದ ಅಲ್ಲಿ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ ಮತ್ತು ತಲೆಯ ಸುತ್ತಳತೆಯನ್ನು ಬರೆದಿಡಲಾಗಿತ್ತು. ಗರ್ಭದಲ್ಲಿ ಸರಿಯಾದ ಪೋಷಣೆ ದೊರೆಯದ ಮಗುವಿಗೆ ದೊಡ್ಡವನಾದ ಮೇಲೆ ಹೃದ್ರೋಗ ಬರುವ ಸಾಧ್ಯತೆ ಹೆಚ್ಚೆಂಬ ವಾದವನ್ನು ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಮಂಡಿಸಿದ್ದರು. ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು ಆ ದಾಖಲೆಗಳಲ್ಲಿದ್ದ ಶಿಶುಗಳನ್ನು ನಡುವಯಸ್ಸಿನವರಾಗಿ ಮರಳಿ ಹುಡುಕಿದರು. 1934ರಿಂದ 1954ರ ನಡುವೆ ಹುಟ್ಟಿದ 517 ಮಂದಿಯನ್ನು ಪರೀಕ್ಷಿಸಿದ ವರದಿ 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಹುಟ್ಟುವಾಗ ಕಡಿಮೆ ತೂಕವಿದ್ದವರಲ್ಲಿ ಹೃದ್ರೋಗ ಹೆಚ್ಚಾಗಿ ಕಂಡುಬಂದಿತ್ತು. ಅದೇ ಗುಂಪಿನವರು ವೃದ್ಧರಾದಾಗ ಮನೋವೈದ್ಯ ಮುರಳಿ ಕೃಷ್ಣ ಮತ್ತು ಸಹೋದ್ಯೋಗಿಗಳು ಅವರ ನೆನಪಿನ ಶಕ್ತಿಯನ್ನೂ ಆರೋಗ್ಯವನ್ನೂ ಅಭ್ಯಸಿಸಿದರು. ಮುಂದಿನ ತಲೆಮಾರಿನ ಗರ್ಭಿಣಿಯರ ಮೇಲೆ ಅದೇ ಆಸ್ಪತ್ರೆಯಲ್ಲಿ ಜಿ. ವಿ. ಕೃಷ್ಣವೇಣಿ ಮೊದಲಾದವರು ನಡೆಸಿದ ಅಧ್ಯಯನದಲ್ಲಿ ಬಿ-12 ಕೊರತೆ ವ್ಯಾಪಕವಾಗಿರುವುದು ತಿಳಿದುಬಂತು. ತಾಯಂದಿರಲ್ಲೇ ಇರುವ ಕೊರತೆ ಅಜ್ಜಿಯರಲ್ಲಿ ಇಲ್ಲವೆಂದು ಭಾವಿಸಲು ಕಾರಣವಿಲ್ಲ.

ಮುಪ್ಪಿನ ಆಹಾರವನ್ನು ಅರವತ್ತನೇ ವರ್ಷದಲ್ಲಿ ಆರಂಭಿಸುವ ಪಥ್ಯವೆಂದು ಮಾತ್ರ ನೋಡಲಾಗದೆಂದು ಈ ಅಧ್ಯಯನಗಳು ತೋರಿಸಿದವು. ಆದರೂ ಎಪ್ಪತ್ತರಲ್ಲಿ ಊಟ ತಿದ್ದಿದರೆ ಪ್ರಯೋಜನವಿಲ್ಲವೆಂದು ಇದರ ಅರ್ಥವಲ್ಲ. ವ್ಯಾಯಾಮದೊಡನೆ ಪ್ರೋಟೀನು ಹೆಚ್ಚಿಸಿದರೆ ಆ ವಯಸ್ಸಿನಲ್ಲೂ ಸ್ನಾಯುಬಲ ಸುಧಾರಿಸುತ್ತದೆ.

ರಾಷ್ಟ್ರೀಯ ಪೋಷಣಾ ಸಂಸ್ಥೆಯು ಭಾರತೀಯರಿಗಾಗಿ ಆಹಾರ ಮಾರ್ಗಸೂಚಿಯನ್ನು 1998ರಲ್ಲಿ ಹೊರತಂದು 2011 ಮತ್ತು 2024ರಲ್ಲಿ ಪರಿಷ್ಕರಿಸಿತು. ಅದರಲ್ಲಿ ಹಿರಿಯರ ಆಹಾರಕ್ಕೆ ಪ್ರತ್ಯೇಕ ಅಧ್ಯಾಯವಿದೆ.

ತಪ್ಪು ತಿಳಿವಳಿಕೆಗಳು

ಮುದ್ದೆ ಉಂಡರೆ ಸಕ್ಕರೆ ಕಾಯಿಲೆ ಬರುವುದಿಲ್ಲ, ಬಂದಿದ್ದರೂ ಹತೋಟಿಗೆ ಬರುತ್ತದೆ ಎಂಬ ನಂಬಿಕೆ ಪಟ್ಟಣಗಳಲ್ಲಿ ಈಚೆಗೆ ಬಲವಾಗಿದೆ. ರಾಗಿಯಲ್ಲೂ ಪಿಷ್ಟವೇ ಹೆಚ್ಚು. ಯಂತ್ರದಲ್ಲಿ ನುಣ್ಣಗೆ ಬೀಸಿ, ಜರಡಿ ಹಿಡಿದು, ಚೆನ್ನಾಗಿ ಬೇಯಿಸಿದ ಹಿಟ್ಟಿನಿಂದ ಸಕ್ಕರೆಯ ಅಂಶ ರಕ್ತಕ್ಕೆ ಬೇಗ ಸೇರುತ್ತದೆ. ಎರಡು ದೊಡ್ಡ ಮುದ್ದೆಗೆ ಬದಲಾಗಿ ಒಂದು ಸಣ್ಣ ಮುದ್ದೆಯನ್ನು ಹೆಚ್ಚು ಕಾಳು ಸೊಪ್ಪಿನೊಡನೆ ಉಣ್ಣುವುದು ಮಧುಮೇಹಿಗಳಿಗೆ ಹಿತ. ದಿನವಿಡೀ ನೇಗಿಲು ಹಿಡಿದವನ ಮುದ್ದೆಯ ಗಾತ್ರ ಜಗಲಿಯ ಮೇಲೆ ಕುಳಿತವನಿಗೆ ಸಲ್ಲದು.

ಬೆಲ್ಲದ ವಿಷಯವೂ ಅಷ್ಟೆ. ಆಲೆಮನೆಗಳ ನಾಡಾದ ಮಂಡ್ಯದಲ್ಲಿ ಬೆಲ್ಲ ಹಾಕಿದ ಕಾಫಿ ಮಧುಮೇಹಿಗಳಿಗೆ ನಿರಪಾಯವೆಂದು ನಂಬುವವರಿದ್ದಾರೆ. ರಕ್ತದ ಸಕ್ಕರೆಯನ್ನು ಏರಿಸುವುದರಲ್ಲಿ ಬೆಲ್ಲಕ್ಕೂ ಸಕ್ಕರೆಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಉಪ್ಪು ಇನ್ನೊಂದು ತೊಡಕು. ಮುಪ್ಪಿನಲ್ಲಿ ನಾಲಿಗೆಯ ರುಚಿ ಮಂದವಾಗುವುದರಿಂದ ಸಾರು ಸಪ್ಪೆಯೆನಿಸಿ ಉಪ್ಪು, ಉಪ್ಪಿನಕಾಯಿ ಹೆಚ್ಚುತ್ತವೆ. ದಿನಕ್ಕೆ ಒಟ್ಟು 5 ಗ್ರಾಂಗಿಂತ ಹೆಚ್ಚು ಉಪ್ಪು ಸಲ್ಲದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಉಪ್ಸಾರಿನ ಖಾರಕ್ಕೆ ಬೆಳ್ಳುಳ್ಳಿ, ಜೀರಿಗೆ, ಹುಣಸೆ ಹೆಚ್ಚಿಸಿ ಉಪ್ಪು ತಗ್ಗಿಸಬಹುದು. ಬಾಯಾರಿಕೆಯೂ ಮಂದವಾಗುವುದರಿಂದ ಕೇಳದಿದ್ದರೂ ನೀರು ಮಜ್ಜಿಗೆ ಕೊಡುತ್ತಿರಬೇಕು. ಮೂತ್ರಪಿಂಡ ಕೆಟ್ಟವರಿಗೆ ಮಾತ್ರ ಪ್ರೋಟೀನು, ನೀರು, ಸೊಪ್ಪು ಎಲ್ಲದರ ಅಳತೆ ಬೇರೆ. ಅವರು ಈ ಲೇಖನದ ಸಾಮಾನ್ಯ ಲೆಕ್ಕಗಳನ್ನು ಅನುಸರಿಸಬಾರದು.

ಮನೆ ಮತ್ತು ಸರ್ಕಾರ

ಮಕ್ಕಳು ಬೆಂಗಳೂರು, ಮೈಸೂರು ಸೇರಿದ ಮೇಲೆ ಹಳ್ಳಿಯಲ್ಲಿ ಒಬ್ಬರೇ ಉಳಿದ ಹಿರಿಯರು ಒಬ್ಬರಿಗಾಗಿ ಒಲೆ ಹಚ್ಚಿ ಕಾಳು ಬೇಯಿಸುವುದು ಕಡಿಮೆ. ಬೆಳಿಗ್ಗೆಯ ಅನ್ನಕ್ಕೆ ರಾತ್ರಿ ಮಜ್ಜಿಗೆ, ಉಪ್ಪಿನಕಾಯಿ ಕಲಸಿ ಉಂಡು ಮಲಗುವರು. ಎಲ್ಲರೂ ಉಂಡ ಮೇಲೆ ಉಣ್ಣುವ ಅಭ್ಯಾಸ ಹೆಂಗಸರನ್ನು ಮುಪ್ಪಿನಲ್ಲೂ ಬಿಡುವುದಿಲ್ಲ. ತಳದಲ್ಲಿ ಉಳಿದ ಸಾರು ಅವರ ಪಾಲು.

ಮಕ್ಕಳಿಗೆ 1975ರಿಂದ ಅಂಗನವಾಡಿಗಳಲ್ಲಿ ಪೂರಕ ಆಹಾರ ದೊರೆಯುತ್ತಿದೆ. ಹಿರಿಯರಿಗೆ ಅಂಥ ಬೇಯಿಸಿದ ಊಟದ ವ್ಯವಸ್ಥೆ ಹಳ್ಳಿಗಳಲ್ಲಿ ಬೆಳೆದಿಲ್ಲ. 2000ದಲ್ಲಿ ಆರಂಭವಾದ ಕೇಂದ್ರದ ಅನ್ನಪೂರ್ಣ ಯೋಜನೆಯು ಪಿಂಚಣಿ ದೊರೆಯದ ನಿರ್ಗತಿಕ ವೃದ್ಧರಿಗೆ ತಿಂಗಳಿಗೆ 10 ಕಿಲೋಗ್ರಾಂ ಧಾನ್ಯವನ್ನು ಉಚಿತವಾಗಿ ಕೊಡಲು ಉದ್ದೇಶಿಸಿತ್ತು. ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ವರ್ಷ ಮೀರಿದ ಅರ್ಹರಿಗೆ ಮಾಸಾಶನವಿದೆ. 2013ರಲ್ಲಿ ಆರಂಭವಾದ ಅನ್ನಭಾಗ್ಯವು ಹಸಿವನ್ನು ನೀಗಿಸುವುದರಲ್ಲಿ ದೊಡ್ಡ ಕೆಲಸ ಮಾಡಿತು. ದಕ್ಷಿಣದ ಜಿಲ್ಲೆಗಳ ಪಡಿತರದಲ್ಲಿ ಅಕ್ಕಿಯೊಡನೆ ರಾಗಿಯನ್ನೂ ವಿತರಿಸಲಾಗುತ್ತದೆ. ಇವುಗಳಲ್ಲಿ ಕೈಗೆ ಬರುವುದು ಧಾನ್ಯ ಅಥವಾ ಹಣ. ಹುರುಳಿ, ತೊಗರಿ, ಹಾಲು, ಮೊಟ್ಟೆಗಳನ್ನು ಹಿರಿಯರು ಮಾಸಾಶನದ ದುಡ್ಡಿನಲ್ಲೇ ಕೊಳ್ಳಬೇಕು. ಔಷಧಿಯ ಅಂಗಡಿಗೂ ಅದೇ ದುಡ್ಡು.

2010-11ರಲ್ಲಿ ಆರಂಭವಾದ ರಾಷ್ಟ್ರೀಯ ವೃದ್ಧರ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಹಿರಿಯರಿಗಾಗಿ ಪ್ರತ್ಯೇಕ ಸೇವೆಗಳನ್ನು ಕಲ್ಪಿಸಲಾಗಿದೆ. ಈ ಭಾಗದವರಿಗೆ ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಮತ್ತು ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಸಂಸ್ಥೆ ಹತ್ತಿರದ ದೊಡ್ಡ ಆಸ್ಪತ್ರೆಗಳು. ಆರು ತಿಂಗಳಲ್ಲಿ ಕಾರಣವಿಲ್ಲದೆ ತೂಕ ಇಳಿದಿದ್ದರೆ, ರವಿಕೆಯೋ ಅಂಗಿಯೋ ಸಡಿಲವಾಗಿದ್ದರೆ, ಕುಳಿತಲ್ಲಿಂದ ಏಳಲು ಕೈ ಊರಬೇಕಾಗಿ ಬಂದಿದ್ದರೆ ಅದನ್ನು ವೈದ್ಯರಿಗೆ ತಿಳಿಸುವುದು ಅಗತ್ಯ.